ಹಳೇ ಪಿಸಿಯಲ್ಲೇ ಮನೆಗೊಂದು ಸ್ಟೋರೇಜ್ ಸರ್ವರ್: ಲಿನಕ್ಸ್ ನಾಸ್ ಕಟ್ಟುವ ಕ್ರಮ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಮನೆಯಲ್ಲಿರುವ ಫೋನು, ಲ್ಯಾಪ್‌ಟಾಪು, ಟೀವಿ ಎಲ್ಲಕ್ಕೂ ಸಿಗುವ ಹಾಗೆ ಫೈಲ್‌ಗಳನ್ನು ಒಂದೇ ಕಡೆ ಇಡೋದು ಹೇಗೆ? ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ನನ್ನ ಹತ್ತಿರ ಎರಡು ಡಿಸ್ಕ್ ಇದೆ, ಯಾವ ರೇಡ್ ಹಾಕಲಿ?

ಮೊದಲನೆಯದಕ್ಕೆ ಈ ಇಡೀ ಲೇಖನವೇ ಉತ್ತರ. ಎರಡನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ. ರೇಡ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ಬಳಸುವ ವಿಧಾನ) ಹಾಕಬೇಡಿ. ಒಂದು ಡಿಸ್ಕ್‌ನಲ್ಲಿ ಫೈಲ್ ಇಡಿ, ಇನ್ನೊಂದರಲ್ಲಿ ಅದರ ಬ್ಯಾಕಪ್ ಇಡಿ. ಯಾಕೆ ಅನ್ನೋದನ್ನು ಹಂತ 3ರಲ್ಲಿ ವಿವರಿಸಿದ್ದೇನೆ.

ನಾಸ್ ಅಂದರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಹೆಸರು ದೊಡ್ಡದು, ವಿಷಯ ಸರಳ. ಹಾರ್ಡ್ ಡಿಸ್ಕ್ ಇರುವ ಒಂದು ಕಂಪ್ಯೂಟರ್ ಸದಾ ಆನ್ ಆಗಿರುತ್ತದೆ, ಮನೆಯ ರೌಟರ್‌ಗೆ ಕೇಬಲ್‌ನಿಂದ ಜೋಡಿಸಿರುತ್ತದೆ. ಉಳಿದ ಸಾಧನಗಳು ನೆಟ್‌ವರ್ಕ್ ಮೂಲಕ ಅದರ ಫೋಲ್ಡರ್‌ಗಳನ್ನು ತೆರೆಯುತ್ತವೆ. ಅಷ್ಟೇ.

ಇದಕ್ಕೆ ನಾನು ಓಪನ್‌ಮೀಡಿಯಾವಾಲ್ಟ್ ಸೂಚಿಸುತ್ತೇನೆ. ಮುಂದೆ ಒಎಂವಿ ಎಂದೇ ಕರೆಯೋಣ. ಫೋಲ್ಕರ್ ಥೈಲೆ ಶುರು ಮಾಡಿದ ಈ ಸಾಫ್ಟ್‌ವೇರ್ 2011ರಿಂದ ಬಳಕೆಯಲ್ಲಿದೆ. ಉಚಿತ, ಮುಕ್ತ ತಂತ್ರಾಂಶ. ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಕಟ್ಟಿರುವುದರಿಂದ ಗಟ್ಟಿಮುಟ್ಟಾಗಿದೆ, ಹಳೇ ಯಂತ್ರದಲ್ಲೂ ಓಡುತ್ತದೆ. ಕಮಾಂಡ್ ಟೈಪ್ ಮಾಡುವ ಅಗತ್ಯ ಬಹಳ ಕಡಿಮೆ. ಬಹುತೇಕ ಕೆಲಸ ಬ್ರೌಸರ್‌ನಲ್ಲೇ ಮುಗಿಯುತ್ತದೆ. ಇದೇ ಬಗೆಯ ಇನ್ನೊಂದು ಸಾಫ್ಟ್‌ವೇರ್ ಟ್ರೂನಾಸ್ ಕೂಡ ಒಳ್ಳೆಯದೇ, ಆದರೆ ಅದು 8 ಜಿಬಿ ರ‍್ಯಾಮ್ ಕೇಳುತ್ತದೆ ಮತ್ತು ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಕಲಿಯದೆ ಅದರ ಪೂರ್ತಿ ಲಾಭ ಸಿಗದು. ಮೊದಲ ಸಲ ಮಾಡುವವರಿಗೆ ಒಎಂವಿ ಸಾಕು.

ಏನೇನು ಬೇಕು

ಒಂದು 64 ಬಿಟ್ ಪಿಸಿ. ಬರೀ ಫೈಲ್ ಹಂಚಿಕೆಗೆ 2 ಜಿಬಿ ರ‍್ಯಾಮ್ ಸಾಲುತ್ತದೆ. ಫೋಟೋ ಆ್ಯಪ್, ವಿಡಿಯೋ ಆ್ಯಪ್ ಹಾಕುವ ಆಸೆ ಇದ್ದರೆ 8 ಜಿಬಿ ಇರಲಿ.

ಸಿಸ್ಟಮ್‌ಗೆ ಒಂದು ಚಿಕ್ಕ ಎಸ್‌ಎಸ್‌ಡಿ. ಇದು ಬೇರೆಯೇ ಇರಬೇಕು. ಒಎಂವಿ ತಾನು ಇನ್‌ಸ್ಟಾಲ್ ಆದ ಇಡೀ ಡಿಸ್ಕ್ ಅನ್ನು ತನಗೇ ಇಟ್ಟುಕೊಳ್ಳುತ್ತದೆ. ಅದರಲ್ಲಿ ನಿಮ್ಮ ಫೈಲ್‌ಗಳಿಗೆ ಜಾಗ ಕೊಡುವುದಿಲ್ಲ. 32 ಜಿಬಿ ಇದ್ದರೂ ಆಯಿತು. 2 ಟಿಬಿ ಡಿಸ್ಕ್ ಮೇಲೆ ಸಿಸ್ಟಮ್ ಹಾಕಿ ಆಮೇಲೆ "ಉಳಿದ ಜಾಗ ಎಲ್ಲಿ ಹೋಯ್ತು" ಅಂತ ಕೇಳುವವರು ತುಂಬಾ ಜನ.

ಫೈಲ್‌ಗಳಿಗೆ ಎರಡು ಹಾರ್ಡ್ ಡಿಸ್ಕ್. ಕೊಳ್ಳುವಾಗ ಸಿಎಂಆರ್ ಬಗೆಯದು ನೋಡಿ. ಎಸ್‌ಎಂಆರ್ ಎಂಬ ಇನ್ನೊಂದು ಬಗೆಯಲ್ಲಿ ಡೇಟಾದ ಸಾಲುಗಳು ಒಂದರ ಮೇಲೊಂದು ಸ್ವಲ್ಪ ಹಾದು ಕೂತಿರುತ್ತವೆ, ಮನೆಯ ಹೆಂಚಿನ ಹಾಗೆ. ಜಾಗ ಉಳಿಯುತ್ತದೆ. ಆದರೆ ಒಂದು ಸಾಲು ಬದಲಿಸಲು ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಹಾಗಾಗಿ ದೊಡ್ಡ ಕಾಪಿ ನಡೆಯುವಾಗ ವೇಗ ಪಾತಾಳಕ್ಕೆ ಇಳಿಯುತ್ತದೆ. ಬ್ಯಾಕಪ್ ಡಿಸ್ಕ್ ಎಸ್‌ಎಂಆರ್ ಆದರೆ ನಡೆಯುತ್ತದೆ, ಮುಖ್ಯ ಡಿಸ್ಕ್ ಬೇಡ.

ಇನ್ನು ಗಿಗಾಬಿಟ್ ಈಥರ್‌ನೆಟ್ ಇರುವ ರೌಟರ್, ಕ್ಯಾಟ್ 5ಇ ಅಥವಾ ಅದಕ್ಕಿಂತ ಮೇಲಿನ ಕೇಬಲ್, ಇನ್‌ಸ್ಟಾಲ್ ಮಾಡಲು ಒಂದು ಪೆನ್‌ಡ್ರೈವ್. ಸರ್ವರ್ ಅನ್ನು ವೈಫೈನಲ್ಲಿ ಓಡಿಸುವ ಯೋಚನೆ ಬಿಟ್ಟುಬಿಡಿ.

ಹಳೇ ಪಿಸಿಯ ವಿದ್ಯುತ್ ಖರ್ಚನ್ನೂ ಲೆಕ್ಕ ಹಾಕಿ. ವರ್ಷಕ್ಕೆ 8,760 ಗಂಟೆ. ಸುಮ್ನೆ ಕೂತಾಗ 50 ವ್ಯಾಟ್ ಎಳೆಯುವ ಪಿಸಿ ವರ್ಷಕ್ಕೆ 438 ಯೂನಿಟ್ ತಿನ್ನುತ್ತದೆ. 10 ವ್ಯಾಟ್‌ನ ಮಿನಿ ಪಿಸಿಗೆ 88 ಯೂನಿಟ್ ಸಾಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ತೆಗೆದುಹಾಕಿ, ಅದೇ ಜಾಸ್ತಿ ಎಳೆಯುತ್ತದೆ. ಆದರೆ ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಕೆಲವು ಮದರ್‌ಬೋರ್ಡ್ ಆನ್ ಆಗುವುದೇ ಇಲ್ಲ.

ಹಳೇ ಲ್ಯಾಪ್‌ಟಾಪ್ ಬಳಸುವವರಿಗೆ ಒಂದು ಎಚ್ಚರಿಕೆ. ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಚಿಂತೆ ಇಲ್ಲ ಅನ್ನಿಸುತ್ತದೆ. ಆದರೆ ವರ್ಷಗಟ್ಟಲೆ ಚಾರ್ಜ್‌ನಲ್ಲೇ ಇರುವ ಹಳೇ ಬ್ಯಾಟರಿ ಉಬ್ಬಬಹುದು. ಉಬ್ಬಿದ ಬ್ಯಾಟರಿ ಬೆಂಕಿಗೆ ದಾರಿ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಕೂಡಲೇ ನಿಲ್ಲಿಸಿ.

ಹಂತ 1: ಡಿಸ್ಕ್‌ಗೆ ಹೆಸರು ಬರೆಯಿರಿ

ಪಿಸಿ ಮುಚ್ಚಳ ಹಾಕುವ ಮುಂಚೆ ಈ ಕೆಲಸ ಮಾಡಿ. ಪ್ರತಿ ಡಿಸ್ಕ್ ಮೇಲಿನ ಸ್ಟಿಕ್ಕರ್‌ನಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಅದರ ಕೊನೆಯ ನಾಲ್ಕು ಅಕ್ಷರಗಳನ್ನು ಒಂದು ಕಾಗದದ ಟೇಪ್ ಮೇಲೆ ದೊಡ್ಡದಾಗಿ ಬರೆದು ಡಿಸ್ಕ್‌ನ ಹೊರ ಅಂಚಿಗೆ ಅಂಟಿಸಿ. "ಮುಖ್ಯ", "ಬ್ಯಾಕಪ್" ಅಂತಲೂ ಬರೆಯಿರಿ.

ಲಿನಕ್ಸ್ ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಕರೆಯುತ್ತದೆ. ಈ ಹೆಸರು ರೀಸ್ಟಾರ್ಟ್ ಆದಾಗ ಅದಲು ಬದಲಾಗಬಹುದು. ಇವತ್ತಿನ ಎಸ್‌ಡಿಬಿ ನಾಳೆ ಎಸ್‌ಡಿಸಿ ಆಗಬಹುದು. ಸೀರಿಯಲ್ ನಂಬರ್ ಮಾತ್ರ ಬದಲಾಗುವುದಿಲ್ಲ. ಮುಂದೊಂದು ದಿನ ಒಂದು ಡಿಸ್ಕ್ ಕೆಟ್ಟಿದೆ ಅಂತ ಸಂದೇಶ ಬಂದಾಗ ನೀವು ಬಿಚ್ಚಿ ಹೊರತೆಗೆಯುವುದು ಕೆಟ್ಟಿದ್ದನ್ನೇ ಇರಬೇಕು, ಅಲ್ವಾ?

ಹಂತ 2: ಇನ್‌ಸ್ಟಾಲ್ ಮಾಡುವುದು

ಒಎಂವಿಯ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ರೂಫಸ್ ಅಥವಾ ಬಲೇನಾ ಎಚರ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ.

ಈಗ ಇಡೀ ಲೇಖನದ ಅತಿ ಮುಖ್ಯ ಎಚ್ಚರಿಕೆ. ಇನ್‌ಸ್ಟಾಲ್ ಮಾಡುವಾಗ ಎರಡೂ ದೊಡ್ಡ ಡಿಸ್ಕ್‌ಗಳ ಕೇಬಲ್ ಕಳಚಿಡಿ. ಇನ್‌ಸ್ಟಾಲರ್ ತಾನು ಆಯ್ದ ಡಿಸ್ಕ್ ಅನ್ನು ಪೂರ್ತಿ ಅಳಿಸುತ್ತದೆ. ಪಟ್ಟಿಯಲ್ಲಿ ಒಂದೇ ಡಿಸ್ಕ್ ಕಂಡರೆ ತಪ್ಪು ಆಯ್ಕೆಗೆ ಅವಕಾಶವೇ ಇರುವುದಿಲ್ಲ.

ಪಿಸಿಗೆ ತಾತ್ಕಾಲಿಕವಾಗಿ ಮಾನಿಟರ್, ಕೀಬೋರ್ಡ್ ಜೋಡಿಸಿ. ಬಯೋಸ್‌ಗೆ, ಅಂದರೆ ಪಿಸಿ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟಕ್ಕೆ, ಹೋಗಿ ಎರಡು ಸೆಟ್ಟಿಂಗ್ ನೋಡಿ. ಸಾಟಾ, ಅಂದರೆ ಡಿಸ್ಕ್ ಜೋಡಣೆಯ, ಮೋಡ್ ಎಎಚ್‌ಸಿಐ ಇರಲಿ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಎಂಬ ಆಯ್ಕೆ ಇದ್ದರೆ "ಪವರ್ ಆನ್" ಮಾಡಿ. ಇಲ್ಲದಿದ್ದರೆ ನೀವು ಊರಲ್ಲಿಲ್ಲದಾಗ ಕರೆಂಟ್ ಹೋದರೆ ಸರ್ವರ್ ಆಫ್ ಆಗಿಯೇ ಉಳಿಯುತ್ತದೆ.

ನಂತರ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಭಾಷೆ, ಸಮಯ ವಲಯ, ಸರ್ವರ್ ಹೆಸರು, ರೂಟ್ ಪಾಸ್‌ವರ್ಡ್ ಕೇಳುತ್ತದೆ. ರೂಟ್ ಅಂದರೆ ಲಿನಕ್ಸ್‌ನಲ್ಲಿ ಎಲ್ಲಾ ಅಧಿಕಾರ ಇರುವ ಖಾತೆ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ. ಪರದೆಯ ಮೇಲೆ ಸರ್ವರ್‌ನ ಐಪಿ ವಿಳಾಸ ಕಾಣುತ್ತದೆ. ಉದಾಹರಣೆಗೆ 192.168.1.50. ಬರೆದಿಟ್ಟುಕೊಳ್ಳಿ. ಪಿಸಿ ಆಫ್ ಮಾಡಿ, ದೊಡ್ಡ ಡಿಸ್ಕ್‌ಗಳನ್ನು ಮತ್ತೆ ಜೋಡಿಸಿ, ಆನ್ ಮಾಡಿ. ಮಾನಿಟರ್ ಇನ್ನು ಬೇಕಿಲ್ಲ.

ಈ ವಿಳಾಸ ಬದಲಾಗದಂತೆ ನೋಡಿಕೊಳ್ಳಬೇಕು. ರೌಟರ್‌ನ ಪುಟದಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಎಂಬ ಆಯ್ಕೆ ಇರುತ್ತದೆ. ಅಲ್ಲಿ ಸರ್ವರ್ ಅನ್ನು ಆರಿಸಿ ಅದೇ ವಿಳಾಸವನ್ನು ಕಾಯಂ ಮಾಡಿ.

ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಟೈಪ್ ಮಾಡಿದರೆ ಲಾಗಿನ್ ಪುಟ ಬರುತ್ತದೆ. ಬಳಕೆದಾರ ಹೆಸರು ಅಡ್ಮಿನ್ (admin), ಪಾಸ್‌ವರ್ಡ್ ಓಪನ್‌ಮೀಡಿಯಾವಾಲ್ಟ್ (openmediavault), ಎರಡೂ ಇಂಗ್ಲಿಷ್ ಚಿಕ್ಕ ಅಕ್ಷರಗಳಲ್ಲಿ. ಈ ಪಾಸ್‌ವರ್ಡ್ ಜಗತ್ತಿಗೆಲ್ಲ ಗೊತ್ತು. ಒಳಗೆ ಹೋದ ಕೂಡಲೇ ಬಲಗಡೆ ಮೇಲಿರುವ ಬಳಕೆದಾರ ಗುರುತನ್ನು ಒತ್ತಿ ಬದಲಿಸಿ.

ಒಎಂವಿಯ ಒಂದು ಅಭ್ಯಾಸ ಮೊದಲೇ ತಿಳಿದಿರಲಿ. ನೀವು ಯಾವುದೇ ಪುಟದಲ್ಲಿ "ಸೇವ್" ಒತ್ತಿದರೂ ಬದಲಾವಣೆ ಜಾರಿಗೆ ಬರುವುದಿಲ್ಲ. ಮೇಲೆ ಹಳದಿ ಪಟ್ಟಿಯೊಂದು ಬರುತ್ತದೆ, ಅದರಲ್ಲಿರುವ ಟಿಕ್ ಗುರುತು ಒತ್ತಬೇಕು. "ಎಲ್ಲಾ ಸರಿಯಾಗಿ ಮಾಡಿದೆ, ಆದರೂ ಕೆಲಸ ಮಾಡ್ತಿಲ್ಲ" ಎಂಬ ದೂರುಗಳಿಗೆ ಬಹಳ ಸಲ ಇದೇ ಕಾರಣ. ಲಾಗಿನ್ ಪದೇ ಪದೇ ತಾನೇ ಮುಚ್ಚಿಕೊಳ್ಳುತ್ತಿದ್ದರೆ ಸಿಸ್ಟಮ್ ಮೆನುವಿನ ವರ್ಕ್‌ಬೆಂಚ್ ಪುಟದಲ್ಲಿ ಸಮಯ ಹೆಚ್ಚಿಸಿಕೊಳ್ಳಿ.

ಹಂತ 3: ಡಿಸ್ಕ್ ಪರೀಕ್ಷೆ, ಫಾರ್ಮ್ಯಾಟ್, ರೇಡ್ ಪ್ರಶ್ನೆ

ಹೊಸ ಡಿಸ್ಕ್ ಆದರೂ ಪರೀಕ್ಷೆ ಮಾಡದೆ ನಂಬಬೇಡಿ. ಸ್ಟೋರೇಜ್ ಮೆನುವಿನಲ್ಲಿ ಸ್ಮಾರ್ಟ್ ಎಂಬ ಪುಟವಿದೆ. ಸ್ಮಾರ್ಟ್ ಅಂದರೆ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ ವ್ಯವಸ್ಥೆ. ಅದನ್ನು ಆನ್ ಮಾಡಿ, ಎರಡೂ ಡಿಸ್ಕ್‌ಗೆ "ಲಾಂಗ್ ಟೆಸ್ಟ್" ನಿಗದಿ ಮಾಡಿ. ದೊಡ್ಡ ಡಿಸ್ಕ್‌ಗೆ ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಮುಂದೆ ತಿಂಗಳಿಗೊಮ್ಮೆ ತಾನಾಗಿ ನಡೆಯುವಂತೆ ಇಟ್ಟುಬಿಡಿ.

ಫಲಿತಾಂಶದ ಪಟ್ಟಿ ಉದ್ದ ಇರುತ್ತದೆ. ನೀವು ನೋಡಬೇಕಾದದ್ದು ನಾಲ್ಕೇ ಸಾಲು. ಐಡಿ ಸಂಖ್ಯೆ 5 ಇರುವ ಸಾಲು ಕೆಟ್ಟ ಜಾಗಗಳನ್ನು ಬಿಟ್ಟು ಬೇರೆ ಕಡೆ ಬರೆದ ಲೆಕ್ಕ. 197 ಓದಲು ಕಷ್ಟಪಡುತ್ತಿರುವ ಜಾಗಗಳು. 198 ಓದಲು ಆಗದೇ ಹೋದವು. ಈ ಮೂರರಲ್ಲೂ ಕೊನೆಯ ಕಾಲಂನ ಮೂಲ ಅಂಕಿ ಸೊನ್ನೆ ಇರಬೇಕು. ಹೊಸ ಡಿಸ್ಕ್‌ನಲ್ಲೇ ಸೊನ್ನೆಗಿಂತ ಜಾಸ್ತಿ ಇದ್ದರೆ ವಾಪಸ್ ಕೊಡಿ. ಹಳೇ ಡಿಸ್ಕ್‌ನಲ್ಲಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದನ್ನು ಬದಲಿಸುವ ಸಮಯ ಬಂದಿದೆ. ನಾಲ್ಕನೆಯದು 199. ಇದು ಏರಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಡಿಸ್ಕ್ ಅಲ್ಲ, ಸಾಟಾ ಕೇಬಲ್ ಕೆಟ್ಟಿರುತ್ತದೆ. ಕೇಬಲ್ ಬದಲಿಸಿ. ಹಳೆಯ ಅಂಕಿ ಹಾಗೇ ಉಳಿಯುತ್ತದೆ, ಮತ್ತೆ ಏರದಿದ್ದರೆ ಸರಿ ಹೋಯಿತು ಅಂತ ಅರ್ಥ.

ಈಗ ರೇಡ್ ವಿಷಯ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ಬಳಸುವ ವಿಧಾನ. ಎರಡು ಡಿಸ್ಕ್ ಇರುವವರು ಕೇಳುವುದು ರೇಡ್ 1. ಅದರಲ್ಲಿ ಒಂದೇ ವಿಷಯ ಎರಡೂ ಡಿಸ್ಕ್‌ಗೆ ಒಂದೇ ಹೊತ್ತಿಗೆ ಬರೆಯಲಾಗುತ್ತದೆ. ಒಂದು ಸತ್ತರೆ ಇನ್ನೊಂದರಿಂದ ಕೆಲಸ ನಿಲ್ಲದೆ ನಡೆಯುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಅದು ಕಾಪಾಡುವುದು ಡಿಸ್ಕ್ ಸಾವಿನಿಂದ ಮಾತ್ರ. ಮನೆಯಲ್ಲಿ ಯಾರೋ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಗುತ್ತದೆ. ಲ್ಯಾಪ್‌ಟಾಪ್‌ಗೆ ರ‍್ಯಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್, ಹೊಕ್ಕರೆ ಎರಡೂ ಕಡೆ ಬೀಗ ಬೀಳುತ್ತದೆ. ಕೆಲಸ ಒಂದು ನಿಮಿಷವೂ ನಿಲ್ಲಬಾರದು ಎಂಬ ಆಫೀಸಿಗೆ ರೇಡ್ ಬೇಕು. ಮನೆಯಲ್ಲಿ ಸರ್ವರ್ ಅರ್ಧ ದಿನ ನಿಂತರೆ ಏನೂ ಆಗದು. ಫೋಟೋ ಕಳೆದುಹೋದರೆ ಆಗುತ್ತದೆ. ಹಾಗಾಗಿ ಎರಡನೇ ಡಿಸ್ಕ್ ಬ್ಯಾಕಪ್‌ಗೇ ಮೀಸಲಿರಲಿ. ಯುಎಸ್‌ಬಿ ಡಿಸ್ಕ್‌ಗಳ ಮೇಲಂತೂ ರೇಡ್ ಕಟ್ಟಲೇಬೇಡಿ. ಒಂದು ಕ್ಷಣ ಸಂಪರ್ಕ ತಪ್ಪಿದರೂ ರೇಡ್ ಮುರಿದುಕೊಳ್ಳುತ್ತದೆ.

ಫಾರ್ಮ್ಯಾಟ್ ಮಾಡಲು ಸ್ಟೋರೇಜ್‌ನ ಫೈಲ್ ಸಿಸ್ಟಮ್ಸ್ ಪುಟಕ್ಕೆ ಹೋಗಿ. ಹಳೇ ಡಿಸ್ಕ್ ಪಟ್ಟಿಯಲ್ಲಿ ಕಾಣದಿದ್ದರೆ ಮೊದಲು ಡಿಸ್ಕ್ಸ್ ಪುಟದಲ್ಲಿ "ವೈಪ್" ಮಾಡಬೇಕು. ಒತ್ತುವ ಮುಂಚೆ ಸೀರಿಯಲ್ ನಂಬರನ್ನು ನಿಮ್ಮ ಟೇಪ್‌ನ ಜೊತೆ ಹೋಲಿಸಿ.

ಮುಖ್ಯ ಡಿಸ್ಕ್‌ಗೆ ಬಿಟಿಆರ್‌ಎಫ್‌ಎಸ್, ಬ್ಯಾಕಪ್ ಡಿಸ್ಕ್‌ಗೆ ಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಆರಿಸಿ. ಬಿಟಿಆರ್‌ಎಫ್‌ಎಸ್‌ನಲ್ಲಿ ಸ್ನ್ಯಾಪ್‌ಶಾಟ್ ಸೌಲಭ್ಯವಿದೆ. ಅಂದರೆ ಫೋಲ್ಡರ್ ಈ ಕ್ಷಣ ಹೇಗಿದೆಯೋ ಹಾಗೇ ನೆನಪಿಟ್ಟುಕೊಳ್ಳುವುದು. ಫೈಲ್ ತಾನಾಗಿ ಕೆಟ್ಟಿದ್ದರೆ ಅದನ್ನೂ ಗುರುತಿಸುತ್ತದೆ. ಎಕ್ಸ್‌ಟಿ4 ಬಹಳ ವರ್ಷಗಳಿಂದ ಪಳಗಿದ್ದು. ಎರಡು ಬೇರೆ ಬೇರೆ ಬಗೆ ಇಟ್ಟರೆ ಒಂದರ ದೋಷ ಇನ್ನೊಂದನ್ನು ಮುಟ್ಟುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಅನ್ನು ಹಾಗೇ ಉಳಿಸಿಕೊಂಡು ಕೆಲಸ ಸಾಗಿಸಬೇಡಿ. ಫೈಲ್ ಅನುಮತಿಗಳಲ್ಲಿ ಗೋಜಲಾಗುತ್ತದೆ.

4 ಟಿಬಿ ಡಿಸ್ಕ್ 3.64 ಎಂದು ತೋರಿಸಿದರೆ ಮೋಸ ಹೋದಿರಿ ಅಂದುಕೊಳ್ಳಬೇಡಿ. ಡಿಸ್ಕ್ ಮಾರುವವರು 1,000ದ ಲೆಕ್ಕ ಹಿಡಿಯುತ್ತಾರೆ, ಸಿಸ್ಟಮ್ 1,024ರ ಲೆಕ್ಕ ಹಿಡಿಯುತ್ತದೆ.

ಹಂತ 4: ಬಳಕೆದಾರರು, ಫೋಲ್ಡರ್‌ಗಳು, ಅನುಮತಿ

ಜನ ಹೆಚ್ಚು ಸಿಕ್ಕಿಹಾಕಿಕೊಳ್ಳುವ ಜಾಗ ಇದು, ನಿಧಾನವಾಗಿ ಹೋಗೋಣ.

ಮೊದಲು ಯೂಸರ್ಸ್ ಪುಟದಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದು ಖಾತೆ ಮಾಡಿ. ಅಡ್ಮಿನ್ ಖಾತೆ ಬ್ರೌಸರ್ ಪುಟಕ್ಕೆ ಮಾತ್ರ. ಅದನ್ನು ಹಾಕಿ ಫೋಲ್ಡರ್ ತೆರೆಯಲು ಹೋದರೆ ಒಳಗೆ ಬಿಡುವುದಿಲ್ಲ.

ಆಮೇಲೆ ಸ್ಟೋರೇಜ್‌ನ ಶೇರ್ಡ್ ಫೋಲ್ಡರ್ಸ್ ಪುಟದಲ್ಲಿ ಫೋಲ್ಡರ್‌ಗಳನ್ನು ಮಾಡಿ. ಫೋಟೋ, ವಿಡಿಯೋ, ದಾಖಲೆ, ಹೀಗೆ ಮೂರ್ನಾಲ್ಕು ಸಾಕು. ತೀರಾ ಹೆಚ್ಚು ಮಾಡಿದರೆ ಅನುಮತಿ ಸಂಭಾಳಿಸುವುದೇ ದೊಡ್ಡ ಕೆಲಸವಾಗುತ್ತದೆ. ಬ್ಯಾಕಪ್ ಡಿಸ್ಕ್‌ನಲ್ಲೂ ಒಂದು ಫೋಲ್ಡರ್ ಮಾಡಿಡಿ, ಹಂತ 6ಕ್ಕೆ ಬೇಕು.

ಪ್ರತಿ ಫೋಲ್ಡರ್‌ಗೂ ಎರಡು ಬಗೆಯ ಅನುಮತಿ ಬಟನ್ ಕಾಣುತ್ತವೆ. ಒಂದು ಪರ್ಮಿಶನ್ಸ್. ಯಾರು ಓದಬಹುದು, ಯಾರು ಬರೆಯಬಹುದು ಎಂದು ಇಲ್ಲಿ ಹೇಳಬೇಕು. ಇನ್ನೊಂದು ಎಸಿಎಲ್, ಅಂದರೆ ಡಿಸ್ಕ್ ಮೇಲೆಯೇ ಬರೆಯುವ ಆಳದ ಅನುಮತಿ ಪಟ್ಟಿ. ಎರಡನ್ನೂ ಸೇರಿಸಿ ಒತ್ತಿದರೆ ಯಾರು ಎಲ್ಲಿ ತಡೆಯುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಎಸಿಎಲ್ ಮುಟ್ಟಬೇಡಿ. ಮನೆಗೆ ಪರ್ಮಿಶನ್ಸ್ ಒಂದೇ ಸಾಕು.

ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ಒಂದು ಮಾತು. ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಎರಡರಲ್ಲೂ ಹೆಸರಿನ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರ ಒಂದಕ್ಕೆ 1 ಬೈಟ್ ಸಾಕು, ಕನ್ನಡಕ್ಕೆ 3 ಬೇಕು. ಅದರಲ್ಲೂ ಗುಣಿತದ ಗುರುತಿಗೆ, ಒತ್ತಿಗೆ ಬೇರೆ ಬೇರೆ ಲೆಕ್ಕ. "ಮದುವೆ" ಎಂಬ ಪುಟ್ಟ ಪದವೇ 15 ಬೈಟ್. ವಿಂಡೋಸ್‌ನಲ್ಲಿ ಈ ಮಿತಿ ಅಕ್ಷರಗಳ ಲೆಕ್ಕದಲ್ಲಿರುವುದರಿಂದ ಅಲ್ಲಿ ಉದ್ದದ ಕನ್ನಡ ಹೆಸರು ನಡೆಯುತ್ತದೆ. ಅದೇ ಫೈಲ್ ಸರ್ವರ್‌ಗೆ ಕಾಪಿ ಮಾಡುವಾಗ ಹೆಸರು ತೀರಾ ಉದ್ದ ಅಂತ ನಿಂತುಬಿಡುತ್ತದೆ. ಒಟ್ಟು 85 ಗುರುತುಗಳ ಒಳಗೆ ಮುಗಿಸಿ. ಫೋಲ್ಡರ್ ಒಳಗಿನ ಹೆಸರುಗಳು ಕನ್ನಡದಲ್ಲಿ ಇರಲಿ, ತೊಂದರೆ ಇಲ್ಲ. ಶೇರ್‌ನ ಹೆಸರು ಮತ್ತು ಬಳಕೆದಾರರ ಹೆಸರು ಮಾತ್ರ ಇಂಗ್ಲಿಷ್ ಚಿಕ್ಕ ಅಕ್ಷರಗಳಲ್ಲಿ, ಜಾಗ ಬಿಡದೆ ಇಡಿ.

ಹಂತ 5: ಮನೆಯ ಸಾಧನಗಳಿಗೆ ತಲುಪಿಸುವುದು

ವಿಂಡೋಸ್, ಮ್ಯಾಕ್‌ಗೆ ನೇರವಾಗಿ, ಆಂಡ್ರಾಯ್ಡ್, ಟೀವಿಗೆ ಸಾಮಾನ್ಯವಾಗಿ ಆ್ಯಪ್ ಮೂಲಕ ಅರ್ಥವಾಗುವ ಭಾಷೆ ಎಸ್‌ಎಂಬಿ. ಲಿನಕ್ಸ್‌ನಲ್ಲಿ ಆ ಭಾಷೆ ಮಾತಾಡುವ ಸಾಫ್ಟ್‌ವೇರ್ ಸಾಂಬಾ. ಸರ್ವಿಸಸ್ ಮೆನುವಿನ ಎಸ್‌ಎಂಬಿ ಪುಟದಲ್ಲಿ ಅದನ್ನು ಆನ್ ಮಾಡಿ. ನಂತರ ಶೇರ್ಸ್ ಪುಟದಲ್ಲಿ ಒಂದೊಂದೇ ಫೋಲ್ಡರ್ ಸೇರಿಸಿ. ಅಲ್ಲಿ "ರೀಸೈಕಲ್ ಬಿನ್" ಎಂಬ ಆಯ್ಕೆ ಇದೆ, ಆನ್ ಮಾಡಿ. ಇಲ್ಲದಿದ್ದರೆ ನೆಟ್‌ವರ್ಕ್ ಮೂಲಕ ಡಿಲೀಟ್ ಮಾಡಿದ ಫೈಲ್ ಕಸದ ಬುಟ್ಟಿಗೂ ಹೋಗದೆ ನೇರವಾಗಿ ಮಾಯವಾಗುತ್ತದೆ. ಮ್ಯಾಕ್ ಬಳಸುವವರು ಟೈಮ್ ಮಷೀನ್ ಆಯ್ಕೆಯನ್ನು ಬೇರೆಯೇ ಒಂದು ಫೋಲ್ಡರ್‌ಗೆ ಆನ್ ಮಾಡಿಕೊಳ್ಳಬಹುದು.

ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ನಂತರ ಐಪಿ ವಿಳಾಸ: \\192.168.1.50. ಮ್ಯಾಕ್‌ನಲ್ಲಿ ಫೈಂಡರ್‌ನ ಗೋ ಮೆನುವಿನಿಂದ "ಕನೆಕ್ಟ್ ಟು ಸರ್ವರ್".

ತೆರೆಯದಿದ್ದರೆ ಈ ಕ್ರಮದಲ್ಲಿ ನೋಡಿ. ಫೋನ್ ಅಥವಾ ಲ್ಯಾಪ್‌ಟಾಪ್ ಗೆಸ್ಟ್ ವೈಫೈನಲ್ಲಿದೆಯಾ? ಗೆಸ್ಟ್ ನೆಟ್‌ವರ್ಕ್ ಸಾಮಾನ್ಯವಾಗಿ ಮನೆಯ ಉಳಿದ ಸಾಧನಗಳನ್ನು ಮರೆಮಾಡುತ್ತದೆ. ಪಾಸ್‌ವರ್ಡ್ ಇಲ್ಲದ ಪಬ್ಲಿಕ್ ಶೇರ್ ಮಾಡಿದ್ದೀರಾ? ಹೊಸ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ, ಖಾತೆ ಬಳಸಿ. ಅದೇ ವಿಂಡೋಸ್‌ನಿಂದ ಒಂದು ಫೋಲ್ಡರ್‌ಗೆ ಒಬ್ಬರ ಹೆಸರು, ಇನ್ನೊಂದಕ್ಕೆ ಇನ್ನೊಬ್ಬರ ಹೆಸರು ಕೊಟ್ಟಿದ್ದೀರಾ? ವಿಂಡೋಸ್ ಒಂದು ಸರ್ವರ್‌ಗೆ ಒಂದು ಹೊತ್ತಿಗೆ ಒಂದೇ ಹೆಸರನ್ನು ಒಪ್ಪುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೆಯ ಹೆಸರು ಅಳಿಸಿ, ರೀಸ್ಟಾರ್ಟ್ ಮಾಡಿ.

ಕೆಲವರು ಇಂಟರ್ನೆಟ್ ನೋಡಿ ಎಸ್‌ಎಂಬಿ 1 ಆನ್ ಮಾಡುತ್ತಾರೆ. ಬೇಡವೇ ಬೇಡ. 2017ರಲ್ಲಿ ಜಗತ್ತನ್ನು ಕಾಡಿದ ವನ್ನಾಕ್ರೈ ಹರಡಿದ್ದು ವಿಂಡೋಸ್‌ನಲ್ಲಿದ್ದ ಇದೇ ಹಳೇ ಆವೃತ್ತಿಯ ದೋಷದಿಂದ.

ವೇಗ ಅಳೆಯಲು ಒಂದು ದೊಡ್ಡ ವಿಡಿಯೋ ಫೈಲ್ ಅನ್ನು ಕೇಬಲ್ ಹಾಕಿದ ಲ್ಯಾಪ್‌ಟಾಪ್‌ನಿಂದ ಕಾಪಿ ಮಾಡಿ. ಸೆಕೆಂಡಿಗೆ 110 ಎಂಬಿ ಆಸುಪಾಸು ಬಂದರೆ ಗಿಗಾಬಿಟ್ ಪೂರ್ತಿ ಸಿಗುತ್ತಿದೆ. 11 ಎಂಬಿಗೆ ನಿಂತಿದ್ದರೆ ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್‌ನ ಒಳಗಿನ ನಾಲ್ಕೂ ಜೊತೆ ತಂತಿ ಬೇಕು, 100ಕ್ಕೆ ಎರಡು ಜೊತೆ ಸಾಕು. ಒಂದು ತಂತಿ ಕಡಿದಿದ್ದರೂ ಕೇಬಲ್ ಕೆಲಸ ಮಾಡುತ್ತಿರುವಂತೆಯೇ ಕಾಣುತ್ತದೆ. ಕೇಬಲ್ ಬದಲಿಸಿ ನೋಡಿ. ಸಾವಿರಾರು ಪುಟ್ಟ ಫೈಲ್‌ಗಳು ನಿಧಾನ ಹೋಗುವುದು ಮಾಮೂಲಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 6: ಬ್ಯಾಕಪ್

ಆ್ಯಪ್‌ಗಳ ಕಡೆ ಹೋಗುವ ಮುಂಚೆ ಇದನ್ನು ಮುಗಿಸಿ. ಆಮೇಲೆ ಮಾಡೋಣ ಅಂದವರು ಮಾಡುವುದಿಲ್ಲ.

ಮೂರು ಪದರ ಇರಲಿ. ಮೊದಲನೆಯದು ಸ್ನ್ಯಾಪ್‌ಶಾಟ್. ಬಿಟಿಆರ್‌ಎಫ್‌ಎಸ್ ಡಿಸ್ಕ್ ಮೇಲಿನ ಶೇರ್ಡ್ ಫೋಲ್ಡರ್‌ಗೆ ದಿನಕ್ಕೊಂದು ಸ್ನ್ಯಾಪ್‌ಶಾಟ್ ನಿಗದಿ ಮಾಡಿ, ಹಳೆಯವು ತಾವಾಗಿ ಹೋಗುವಂತೆ ಇಡಿ. ಬದಲಾದ ಭಾಗಕ್ಕೆ ಮಾತ್ರ ಜಾಗ ಹಿಡಿಯುತ್ತದೆ. ಇವತ್ತು ಫೈಲ್ ಹಾಳಾದರೆ ನಿನ್ನೆಯದು ಅಲ್ಲೇ ಸಿಗುತ್ತದೆ.

ಎರಡನೆಯದು ಆರ್‌ಸಿಂಕ್. ಇದು ಬದಲಾದ ಫೈಲ್‌ಗಳನ್ನಷ್ಟೇ ನಕಲು ಮಾಡುವ, 1996ರಿಂದ ಇರುವ ಸಾಧನ. ಸರ್ವಿಸಸ್‌ನ ಆರ್‌ಸಿಂಕ್ ಪುಟದಲ್ಲಿ ಲೋಕಲ್ ಕೆಲಸವೊಂದನ್ನು ಮಾಡಿ. ಮೂಲ ಯಾವುದು, ಗುರಿ ಯಾವುದು ಅಂತ ಎರಡು ಸಲ ಓದಿ. ಅದಲು ಬದಲಾಗಿ, "ಡಿಲೀಟ್" ಆಯ್ಕೆಯೂ ಆನ್ ಇದ್ದರೆ ಖಾಲಿ ಫೋಲ್ಡರ್ ಬಂದು ನಿಮ್ಮ ಫೋಟೋಗಳ ಜಾಗದಲ್ಲಿ ಕೂರುತ್ತದೆ. ಮೊದಲ ಸಲ "ಟ್ರಯಲ್ ರನ್" ಆನ್ ಮಾಡಿ ಓಡಿಸಿ. ಆಗ ಏನನ್ನೂ ಮುಟ್ಟದೆ ಏನು ಮಾಡಲಿದ್ದೇನೆ ಎಂದು ಮಾತ್ರ ತೋರಿಸುತ್ತದೆ. ಸರಿ ಇದೆ ಅನ್ನಿಸಿದ ಮೇಲೆ ಆಫ್ ಮಾಡಿ, ಪ್ರತಿ ರಾತ್ರಿಗೆ ನಿಗದಿ ಮಾಡಿ.

ಅಲ್ಲಿರುವ "ಡಿಲೀಟ್" ಆಯ್ಕೆಯ ಬಗ್ಗೆ ಜಾಗ್ರತೆ. ಅದು ಆನ್ ಇದ್ದರೆ ಮೂಲದಲ್ಲಿ ಅಳಿಸಿದ್ದು ಬ್ಯಾಕಪ್‌ನಿಂದಲೂ ಹೋಗುತ್ತದೆ. ಶುರುವಿನಲ್ಲಿ ಆಫ್ ಇರಲಿ. ಬ್ಯಾಕಪ್ ಡಿಸ್ಕ್ ತುಂಬುತ್ತಾ ಬಂದಾಗ ಒಮ್ಮೆ ಆನ್ ಮಾಡಿ, ಟ್ರಯಲ್ ನೋಡಿ, ಓಡಿಸಿ, ಮತ್ತೆ ಆಫ್ ಮಾಡಿ. ಇನ್ನೊಂದು ವಿಷಯ: ಬ್ಯಾಕಪ್ ಫೋಲ್ಡರ್ ಅನ್ನು ಎಸ್‌ಎಂಬಿಯಲ್ಲಿ ಹಂಚಲೇಬೇಡಿ. ಲ್ಯಾಪ್‌ಟಾಪ್‌ಗೆ ಕಾಣದಿದ್ದರೆ ಲ್ಯಾಪ್‌ಟಾಪ್‌ನ ವೈರಸ್‌ಗೂ ಕಾಣುವುದಿಲ್ಲ.

ಮೂರನೆಯದು ಮನೆಯ ಹೊರಗೆ ಇರುವ ಪ್ರತಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದರೆ ಸಿಡಿಲಿಗೆ, ಬೆಂಕಿಗೆ, ಕಳ್ಳತನಕ್ಕೆ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಯುಎಸ್‌ಬಿ ಡಿಸ್ಕ್‌ಗೆ ತಿಂಗಳಿಗೊಮ್ಮೆ ಕಾಪಿ ಮಾಡಿ ನಂಬಿಕೆಯ ಬೇರೆ ಮನೆಯಲ್ಲಿಡಿ. ಎಲ್ಲವೂ ಬೇಕಿಲ್ಲ. ಮತ್ತೆ ಸಿಗದ ಫೋಟೋ, ದಾಖಲೆ ಮಾತ್ರ ಸಾಕು.

ಕರೆಂಟ್ ಹಠಾತ್ತನೆ ಹೋಗುವುದಿದ್ದರೆ ಯುಪಿಎಸ್ ಇಡಿ. ಯುಎಸ್‌ಬಿ ತಂತಿ ಇರುವ ಯುಪಿಎಸ್ ಆದರೆ ನಟ್ ಎಂಬ ಪ್ಲಗಿನ್ (ಒಎಂವಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಹಾಕಿ, ಬ್ಯಾಟರಿ ಇಳಿದಾಗ ಸರ್ವರ್ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಸಿಸ್ಟಮ್‌ನ ನೋಟಿಫಿಕೇಶನ್ ಪುಟದಲ್ಲಿ ಇಮೇಲ್ ವಿವರ ಕೊಡಿ, ಡಿಸ್ಕ್ ತೊಂದರೆ ಕೂಡಲೇ ನಿಮಗೆ ತಿಳಿಯಲಿ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಎರಡು ಹಂತದ ದೃಢೀಕರಣ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು.

ಹಂತ 7: ನಿಮಗೆ ಬೇಕಾದ ಹಾಗೆ ಬೆಳೆಸುವುದು

ಈಗ ಆ್ಯಪ್‌ಗಳು. ಒಎಂವಿ-ಎಕ್ಸ್‌ಟ್ರಾಸ್ ಎಂಬ ಹೆಚ್ಚುವರಿ ಪ್ಲಗಿನ್ ಸಂಗ್ರಹ ಸೇರಿಸಿಕೊಂಡರೆ ಕಂಪೋಸ್ ಪ್ಲಗಿನ್ ಮೂಲಕ ಡಾಕರ್ ಬಳಸಬಹುದು. ಡಾಕರ್ ಅಂದರೆ ಆ್ಯಪ್ ಅನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ವಿಧಾನ. ಡಬ್ಬಿ ತೆಗೆದುಹಾಕಿದರೂ ಸಿಸ್ಟಮ್ ಕೊಳಕಾಗುವುದಿಲ್ಲ.

ವಿಡಿಯೋಗೆ ಜೆಲ್ಲಿಫಿನ್, ಫೋನಿನ ಫೋಟೋಗಳಿಗೆ ಇಮ್ಮಿಚ್, ಫೋಲ್ಡರ್‌ಗಳನ್ನು ಸಾಧನಗಳ ನಡುವೆ ಒಂದೇ ರೀತಿ ಇಡಲು ಸಿಂಕ್‌ಥಿಂಗ್. ಮೂರೂ ಮುಕ್ತ ತಂತ್ರಾಂಶ. ಒಂದು ಹಾಕಿ, ಒಂದು ವಾರ ಬಳಸಿ, ಆಮೇಲೆ ಇನ್ನೊಂದು. ಒಟ್ಟಿಗೆ ಹಾಕಿದರೆ ತೊಂದರೆ ಯಾವುದರದು ಅಂತ ತಿಳಿಯುವುದಿಲ್ಲ.

ಡಾಕರ್ ಆ್ಯಪ್ ಫೋಲ್ಡರ್ ಓದುತ್ತಿಲ್ಲ ಅಂದರೆ ಪಿಯುಐಡಿ, ಪಿಜಿಐಡಿ ಎಂಬ ಎರಡು ಅಂಕಿ ನೋಡಿ. ಆ್ಯಪ್ ಯಾವ ಬಳಕೆದಾರನ, ಯಾವ ಗುಂಪಿನ ಹೆಸರಲ್ಲಿ ಓಡಬೇಕು ಎಂದು ಹಲವು ಡಬ್ಬಿಗಳಿಗೆ ಇವು ಹೇಳುತ್ತವೆ. ಒಎಂವಿಯಲ್ಲಿ ಮಾಡಿದ ಮೊದಲ ಬಳಕೆದಾರನ ಅಂಕಿ ಸಾಮಾನ್ಯವಾಗಿ 1000, ಯೂಸರ್ಸ್ ಗುಂಪಿನದು 100. ಆ್ಯಪ್‌ಗಳ ಡೇಟಾಬೇಸ್ ಅನ್ನು ನಿಧಾನದ ಹಾರ್ಡ್ ಡಿಸ್ಕ್ ಬದಲು ಇನ್ನೊಂದು ಎಸ್‌ಎಸ್‌ಡಿ ಮೇಲೆ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಳೇ ಪ್ರೊಸೆಸರ್‌ನಲ್ಲಿ 4ಕೆ ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುತ್ತಾ ತೋರಿಸಲು ಜೆಲ್ಲಿಫಿನ್‌ಗೆ ಉಸಿರು ಕಟ್ಟುತ್ತದೆ. ಟೀವಿಗೆ ಅರ್ಥವಾಗುವ ರೂಪದಲ್ಲೇ ಫೈಲ್ ಇದ್ದರೆ ಸಲೀಸು.

ಸಾಂಬಾದ ಸೆಟ್ಟಿಂಗ್ ಫೈಲ್ ಅನ್ನು ಕೈಯಾರೆ ತಿದ್ದಲು ಹೋಗಬೇಡಿ. ಒಎಂವಿ ಮುಂದಿನ ಸಲ ಅದನ್ನು ಹೊಸದಾಗಿ ಬರೆಯುತ್ತದೆ, ನಿಮ್ಮ ತಿದ್ದುಪಡಿ ಹೋಗುತ್ತದೆ. ಬೇಕಾದದ್ದನ್ನು ಎಸ್‌ಎಂಬಿ ಪುಟದ "ಎಕ್ಸ್‌ಟ್ರಾ ಆಪ್ಶನ್ಸ್" ಜಾಗದಲ್ಲಿ ಬರೆಯಿರಿ.

ಹಂತ 8: ಹೊರಗಿನಿಂದ ತೆರೆಯುವುದು

ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದು ಸರ್ವರ್ ಅನ್ನು ನೇರ ಇಂಟರ್ನೆಟ್‌ಗೆ ಒಡ್ಡಬೇಡಿ. ಎಸ್‌ಎಂಬಿಯ 445 ಪೋರ್ಟ್ ಅಂತೂ ಎಂದಿಗೂ ಬೇಡ. ತೆರೆದ ಪೋರ್ಟ್ ಹುಡುಕುವ ಯಂತ್ರಗಳು ಇಂಟರ್ನೆಟ್ ತುಂಬಾ ಹಗಲು ರಾತ್ರಿ ಓಡುತ್ತಿರುತ್ತವೆ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಹೀಗೆ ಹೊರಗೆ ತೆರೆದಿಟ್ಟ ನಾಸ್‌ಗಳನ್ನೇ ಹುಡುಕಿ ಬೀಗ ಹಾಕಿತು.

ಬದಲಿಗೆ ವೈರ್‌ಗಾರ್ಡ್ ಬಳಸಿ. ಇದು ವಿಪಿಎನ್, ಅಂದರೆ ನಿಮ್ಮ ಫೋನಿಗೂ ಮನೆಗೂ ನಡುವೆ ಗುಪ್ತ ದಾರಿ. 2020ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಸೇರಿದೆ. ಅದಕ್ಕೆ ರೌಟರ್‌ನಲ್ಲಿ ಒಂದೇ ಒಂದು ಪೋರ್ಟ್ ಬೇಕು, ಕೀಲಿ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ನಿಮ್ಮ ಇಂಟರ್ನೆಟ್ ಕಂಪನಿ ಹಲವು ಮನೆಗಳಿಗೆ ಸೇರಿಸಿ ಒಂದೇ ಹೊರ ವಿಳಾಸ ಕೊಟ್ಟಿದ್ದರೆ ಆ ಪೋರ್ಟ್ ತಲುಪುವುದೇ ಇಲ್ಲ. ಆಗ ಟೇಲ್‌ಸ್ಕೇಲ್ ಹಾಕಿಕೊಳ್ಳಿ. ಅದು ವೈರ್‌ಗಾರ್ಡ್ ಅನ್ನೇ ಬಳಸುತ್ತದೆ, ರೌಟರ್ ಮುಟ್ಟುವ ಕೆಲಸ ಇಲ್ಲ.

ಹಂತ 9: ವಾಪಸ್ ತೆಗೆದು ನೋಡುವುದು

ಬ್ಯಾಕಪ್ ಇದೆ ಅನ್ನುವುದು ವಾಪಸ್ ತೆಗೆದು ನೋಡುವ ತನಕ ಬರೀ ನಂಬಿಕೆ. ಕೆಲವು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೋಲ್ಡರ್ ಅನ್ನು ಬೇರೆ ಜಾಗಕ್ಕೆ ತೆಗೆದು, ಅದರ ಫೋಟೋ, ದಾಖಲೆಗಳನ್ನು ತೆರೆದು ನೋಡಿ. ಸ್ನ್ಯಾಪ್‌ಶಾಟ್‌ನಿಂದಲೂ ಒಂದು ಫೈಲ್ ತೆಗೆಯಿರಿ. ಅಪ್‌ಡೇಟ್‌ಗಳನ್ನು ಇದೇ ದಿನ ಹಾಕಿ. ಒಎಂವಿಯ ದೊಡ್ಡ ಆವೃತ್ತಿ ಬದಲಾವಣೆ ಬಂದರೆ ಅವಸರ ಬೇಡ, ನಿಮ್ಮ ಪ್ಲಗಿನ್‌ಗಳು ಹೊಸದಕ್ಕೆ ಬಂದಿವೆಯಾ ನೋಡಿಕೊಂಡು ಮುಂದುವರಿಯಿರಿ.

ಸರ್ವರ್ ಪಿಸಿಯೇ ಸತ್ತರೆ ಗಾಬರಿಯಾಗಬೇಡಿ. ಡಿಸ್ಕ್ ಹೊರತೆಗೆದು ಬೇರೆ ಯಾವುದೇ ಪಿಸಿಗೆ ಜೋಡಿಸಿ, ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡದೆ ಬೂಟ್ ಮಾಡಿ. ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಎರಡೂ ಅಲ್ಲಿ ನೇರವಾಗಿ ತೆರೆದುಕೊಳ್ಳುತ್ತವೆ. ರೇಡ್ ಕಟ್ಟದೆ ಇದ್ದುದಕ್ಕೆ ಇದೂ ಒಂದು ಲಾಭ, ಒಂದೊಂದು ಡಿಸ್ಕ್ ಕೂಡ ಒಂಟಿಯಾಗಿ ಓದಲು ಸಿಗುತ್ತದೆ.

ಅದೇ ಡಿಸ್ಕ್ ಅನ್ನು ವಿಂಡೋಸ್ ಪಿಸಿಗೆ ಜೋಡಿಸಿದರೆ ಅದಕ್ಕೆ ಓದಲು ಬರುವುದಿಲ್ಲ. ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತದೆ. "ಕ್ಯಾನ್ಸಲ್" ಒತ್ತಿ, ಡಿಸ್ಕ್ ತೆಗೆದುಬಿಡಿ. ಮನೆಯಲ್ಲಿ ಉಳಿದವರಿಗೂ ಇದನ್ನು ಹೇಳಿಡಿ, ಆ ಟೇಪ್ ಮೇಲೆಯೇ "ಫಾರ್ಮ್ಯಾಟ್ ಬೇಡ" ಅಂತ ಬರೆದಿಡಿ.